ಶರ್ಟುಗಳೊಳಗೆ ಹೋದ ಮುದುಕಿ

ಕಾಲರಿನ ಒಳಮೈ ಮೊದಲು, ಹೊರಮೈ ಆಮೇಲೆ. ಆಮೇಲೆ ಹೆಗಲು, ಆಮೇಲೆ ತೋಳು. ಮೂವತ್ತು ವರ್ಷಗಳಲ್ಲಿ ಅತ್ತಿಗೆಯ ಇಸ್ತ್ರಿ ಪೆಟ್ಟಿಗೆ ಈ ದಾರಿ ಬಿಟ್ಟು ಒಂದು ದಿನವೂ ಹೋದದ್ದಿಲ್ಲ. ಆ ಗುರುವಾರ ಬೆಳಿಗ್ಗೆ ನೀಲಿ ಶರ್ಟೊಂದರ ಎಡತೋಳಿಗೆ ನೀರು ಚಿಮುಕಿಸಿ ಪೆಟ್ಟಿಗೆ ಓಡಿಸುತ್ತಿದ್ದವಳಿಗೆ, ತೋಳು ಅರ್ಧ ಮುಗಿಯುವಷ್ಟರಲ್ಲಿ ಒಂದು ಸಾಲು ಹೊಳೆಯಿತು. ತಾನು ಬರೆದ ಕಥೆಯ ಆರನೇ ರಟ್ಟಿನಲ್ಲಿ ಮುದುಕಿ ‘ಹೆದರಿದಳು’ ಎಂದಿದೆ. ಅದು ಸಪ್ಪೆ. ‘ಹೆದರಿಕೆಯನ್ನು ಬಟ್ಟೆಯ ಜೊತೆ ಮಡಿಸಿ ಗೂಡಿನಲ್ಲಿಟ್ಟಳು’ ಎಂದರೆ ಹೇಗೆ?

ಹೊಳೆದ ಸಾಲು ಬಿಸಿ ಇರುವಾಗಲೇ ಬರೆದುಬಿಡಬೇಕು. ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಬಗ್ಗಿ, ಮೇಜಿನ ಕೆಳಗಿನ ಹಲಗೆಗೆ ಕೈ ಹಾಕಿದಳು. ಕೈಗೆ ಬರೀ ಹಲಗೆ ಸಿಕ್ಕಿತು. ಈ ಕಡೆ ತಡವಿದಳು, ಆ ಕಡೆ ತಡವಿದಳು. ಒಂದು ಗುಂಡಿ ಸಿಕ್ಕಿತು, ಒಂದು ಪಿನ್ನು ಸಿಕ್ಕಿ ಚುಚ್ಚಿತು. ಕಥೆ ಸಿಗಲಿಲ್ಲ.

“ಏ ಇವಳೇ, ಇಲ್ಲಿದ್ದ ರಟ್ಟೆಲ್ಲಿ?”

ಗಲ್ಲಾದ ಹತ್ತಿರ ಕೂತು ಶರ್ಟು ಮಡಿಸುತ್ತಿದ್ದ ನಾದಿನಿ ತಲೆ ಎತ್ತಲಿಲ್ಲ. “ಯಾವ ರಟ್ಟು?”

“ಮೇಜಿನ ಕೆಳಗಿತ್ತಲ್ಲ, ಹದಿನಾಲ್ಕು.”

“ಓ ಅದಾ! ಸೋಮವಾರ ರಟ್ಟು ಮುಗಿದುಹೋಗಿತ್ತು ಅತ್ತಿಗೆ. ಕತ್ತರಿಸೋಕೆ ಪುರುಸೊತ್ತೆಲ್ಲಿ? ನೋಡ್ತೀನಿ, ಕೆಳಗೆ ಚೊಕ್ಕವಾಗಿ ಕತ್ತರಿಸಿ ಜೋಡಿಸಿಟ್ಟಿದೀರಿ. ಅತ್ತಿಗೆ ಅಂದ್ರೆ ನಮ್ಮತ್ತಿಗೆ, ಅಂದ್ಕೊಂಡು ಶರ್ಟುಗಳಿಗೆ ಹಾಕಿ ಕಳಿಸಿಬಿಟ್ಟೆ.”

ಅತ್ತಿಗೆ ಅರ್ಧ ಇಸ್ತ್ರಿಯಾದ ನೀಲಿ ಶರ್ಟನ್ನು ಪಕ್ಕಕ್ಕೆ ತಳ್ಳಿದಳು.

ಆ ಲಾಂಡ್ರಿಯಲ್ಲಿ ಇರುವುದು ಇಬ್ಬರೇ. ನಾದಿನಿಯ ಅಣ್ಣ ತೀರಿಹೋದ ಮೇಲೆ ಅವನ ಹೆಂಡತಿಯೂ ತಂಗಿಯೂ ಸೇರಿ ಅಂಗಡಿ ಹಿಡಿದರು. ಅತ್ತಿಗೆಗೆ ಇಸ್ತ್ರಿ, ನಾದಿನಿಗೆ ಮಡಿಸುವುದು, ಮನೆಮನೆಗೆ ಮುಟ್ಟಿಸುವುದು, ಮತ್ತು ಮಾತು. ನಾದಿನಿ ದಿನಕ್ಕೆ ನೂರು ಸಲ ಅತ್ತಿಗೆ ಅತ್ತಿಗೆ ಎಂದು ಕೂಗಿ ಕೂಗಿ ಇಡೀ ಬೀದಿಗೇ ಅವಳು ಅತ್ತಿಗೆಯಾಗಿಬಿಟ್ಟಿದ್ದಳು. ಮಡಿಸಿದ ಶರ್ಟು ಕುಗ್ಗದಿರಲೆಂದು ಒಳಗೆ ಒಂದು ತುಂಡು ರಟ್ಟು ಇಡುವುದು ಅವರ ಅಂಗಡಿಯ ಹೆಗ್ಗಳಿಕೆ. ಹಳೇ ಡಬ್ಬಗಳನ್ನು ಕತ್ತರಿಸಿ ಅವರೇ ಮಾಡಿಕೊಳ್ಳುತ್ತಿದ್ದರು. ಒಂದು ಕಡೆ ಕಂದು, ಒಂದು ಕಡೆ ಬಿಳಿ.

ಆ ಬಿಳಿಯ ಕಡೆ ಅತ್ತಿಗೆ ಕಥೆ ಬರೆಯುತ್ತಿದ್ದಳು. ಒಳ್ಳೆಯ ಕಾಗದದ ಮೇಲೆ ಪೆನ್ನು ಇಟ್ಟರೆ ಅವಳ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ನಲವತ್ತೆಂಟರಲ್ಲಿ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತವಳು. ಕಾಗದವೆಂದರೆ ಪರೀಕ್ಷೆಯ ನೆನಪು. ರಟ್ಟಿಗೆ ಆ ಗತ್ತಿಲ್ಲ. ಅದು ಹೇಗೂ ಎಸೆಯುವ ವಸ್ತು, ಅದರ ಮೇಲೆ ತಪ್ಪಾದರೆ ಯಾರಪ್ಪನ ಗಂಟು ಹೋಯಿತು?

ಹಾಗೆ ಹುಟ್ಟಿದ್ದು, ಅರವತ್ತು ದಾಟಿದ ಮುದುಕಿಯೊಬ್ಬಳು ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಕದ್ದು ಈಜು ಕಲಿಯುವ ಕಥೆ. ಹದಿನಾಲ್ಕು ರಟ್ಟು. ಹತ್ತು ತಿಂಗಳ ಹಿಂದೆ ಏನೋ ಹುಮ್ಮಸ್ಸಿನಲ್ಲಿ ಒಂದು ಮಾಸಪತ್ರಿಕೆಗೆ ಕಾರ್ಡು ಬರೆದಿದ್ದಳು: ನಮ್ಮಂಥವರ ಕಥೆ ತೆಗೆದುಕೊಳ್ಳುತ್ತೀರಾ? ವಾರದೊಳಗೆ ಸಂಪಾದಕಿಯ ಉತ್ತರ ಬಂತು. ಕಳಿಸಿ, ಜೊತೆಗೆ ನೀವು ಯಾರೆಂದು ನಾಲ್ಕು ಸಾಲಿನ ಪತ್ರ ಇರಲಿ.

ಆ ನಾಲ್ಕು ಸಾಲು ಅವಳ ಪ್ರಾಣ ತೆಗೆಯಿತು. ಮೊದಲ ಸಲ ‘ನಾನು ಬರಹಗಾರ್ತಿಯಲ್ಲ, ತಪ್ಪಿದ್ದರೆ ಕ್ಷಮಿಸಬೇಕು’ ಎಂದು ಶುರುಮಾಡಿದಳು. ಎರಡನೆಯ ಸಲ ತಪ್ಪುಗಳು ಎಲ್ಲೆಲ್ಲಿರಬಹುದೆಂದು ಪಟ್ಟಿ ಕೊಟ್ಟಳು. ಎಂಟನೆಯ ಸಲಕ್ಕೆ ಕ್ಷಮಾಪಣೆಯೇ ಕಥೆಗಿಂತ ಉದ್ದವಾಗಿ, ಅದನ್ನು ಓದಿದ ನಾದಿನಿ, “ಅತ್ತಿಗೆ, ಇದನ್ನೇ ಕಳಿಸಿಬಿಡಿ, ಅಳು ಬರೋ ಹಾಗಿದೆ” ಎಂದಿದ್ದಳು. ಹೆತ್ತವಳಿಗೆ ಹೆಗ್ಗಣ ಮುದ್ದು. ಆ ಮಾತು ಅತ್ತಿಗೆಯ ತಲೆಯಲ್ಲಿ ಗಿರಕಿ ಹೊಡೆಯುತ್ತಲೇ ಇತ್ತು. ತನಗೆ ಮುದ್ದಾಗಿ ಕಂಡದ್ದು ಊರ ಕಣ್ಣಿಗೆ ಹೆಗ್ಗಣವಾದರೆ? ಪತ್ರ ಹೋಗಲಿಲ್ಲ. ಕಥೆ ಮೇಜಿನ ಕೆಳಗೆ ಮುಖ ಮುಚ್ಚಿಕೊಂಡು ಮಲಗಿತ್ತು.

ಈಗ ಹದಿನಾಲ್ಕು ಶರ್ಟುಗಳೊಳಗೆ ಸೇರಿಕೊಂಡು ಊರು ಸುತ್ತುತ್ತಿದೆ.

“ಅದರ ಹಿಂದೆ ಬರೆದಿತ್ತಲ್ಲೇ, ನೋಡ್ಲಿಲ್ವಾ?”

ನಾದಿನಿ ಬಾಯಿಗೆ ಕೈ ಇಟ್ಟಳು. “ಅಯ್ಯೋ, ಮುದುಕಿ ಕಥೆಯಾ? ಕಂದು ಕಡೆ ಮೇಲಿತ್ತು ಅತ್ತಿಗೆ, ನಾನ್ಯಾಕೆ ತಿರುಗಿಸಿ ನೋಡ್ಲಿ?” ಆಮೇಲೆ ಧೈರ್ಯ ಹೇಳಿದಳು. “ಹೆದರ್ಬೇಡಿ. ಗಂಡಸರು ಶರ್ಟಿನೊಳಗಿನ ರಟ್ಟು ಓದ್ತಾರಾ? ಎಳೆದು ಕಸಕ್ಕೆ ಎಸೆದಿರ್ತಾರೆ.”

ಕಸಕ್ಕೆ ಎನ್ನುವುದನ್ನು ಕೇಳಿ ಅತ್ತಿಗೆಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಓದಿದರೆ ಮಾನ ಹೋಗುತ್ತದೆ, ಓದದಿದ್ದರೆ ಪ್ರಾಣ ಹೋಗುತ್ತದೆ. ಇದೆಂಥ ಹುಚ್ಚು ಎಂದು ತನ್ನನ್ನೇ ಬೈದುಕೊಂಡು, ಖಾಲಿ ಹಲಗೆಗೆ ಅಡ್ಡವಾಗಿ ಒಂದು ಬಟ್ಟೆ ಇಳಿಬಿಟ್ಟಳು.

“ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ” ಎಂದಳು ನಾದಿನಿ.

“ನೀನು ಬಾಯಿ ಮುಚ್ಚು. ಯಾರ್ಯಾರಿಗೆ ಕೊಟ್ಟೆ, ನೆನಪು ಮಾಡ್ಕೋ.”

ನಾದಿನಿಯ ಬಾಯಿ ಸಡಿಲವಾದರೂ ನೆನಪು ಬಿಗಿ. ಮೊದಲ ಕಟ್ಟು ಬಸ್ಸಿನ ಕಂಡಕ್ಟರದು, ಐದು ಶರ್ಟು. ಎರಡನೆಯದು ನಿವೃತ್ತ ಮೇಷ್ಟ್ರದು, ಮೂರು. ಆಮೇಲೆ ಹಲ್ಲಿನ ಡಾಕ್ಟರದು, ನಾಲ್ಕು. ಉಳಿದ ಎರಡು ಪರವೂರಿಗೆ ಹೋದ ಗಿರಾಕಿಯದು, ಕಟ್ಟು ಇನ್ನೂ ಕಪಾಟಿನಲ್ಲೇ ಇದೆ. ಅತ್ತಿಗೆ ಓಡಿಹೋಗಿ ಆ ಕಟ್ಟು ಬಿಚ್ಚಿದಳು. ಹದಿಮೂರು, ಹದಿನಾಲ್ಕು. ಕಥೆಯ ಕೊನೆ ಕ್ಷೇಮವಾಗಿತ್ತು. ತಲೆ ಮತ್ತು ಮುಂಡ ಊರ ಪಾಲಾಗಿದ್ದವು.

ಅಷ್ಟರಲ್ಲಿ ಬಾಗಿಲಿನ ಬೆಳಕಿಗೆ ಅಡ್ಡವಾಗಿ ಹಲ್ಲಿನ ಡಾಕ್ಟರು ಬಂದು ನಿಂತರು. ಅವರ ತೋರುಬೆರಳಿಗೆ ಬದನೇಕಾಯಿಯಷ್ಟು ದಪ್ಪ ಬ್ಯಾಂಡೇಜು.

“ಅತ್ತಿಗೆ, ಈ ಬೆರಳಿಗೆ ನೀವೇ ಕಾರಣ.”

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಡಾಕ್ಟರು ಕೈಚೀಲದಿಂದ ನಾಲ್ಕು ರಟ್ಟು ತೆಗೆದು ಗಲ್ಲಾದ ಮೇಲಿಟ್ಟರು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು.

“ಅಕ್ಷರ ನಿಮ್ಮ ಲಾಂಡ್ರಿ ಚೀಟಿಯದೇ, ನೋಡಿದ ಕೂಡಲೇ ಗೊತ್ತಾಯ್ತು. ನೆನ್ನೆ ಒಬ್ಬರ ದವಡೆ ಹಲ್ಲು ನೋಡ್ತಿದ್ದೆ. ಭಯಸ್ಥ ಮನುಷ್ಯ. ಗಮನ ಬೇರೆ ಕಡೆ ಹೋಗ್ಲಿ ಅಂತ ಇದನ್ನ ಓದಿ ಹೇಳ್ದೆ. ಮುದುಕಿ ಅಂಗಡಿ ಶರ್ಟು ತಂದು ನಾನೇ ಹೊಲಿದೆ ಅಂತ ಗಂಡನಿಗೆ ಕೊಡ್ತಾಳಲ್ಲ? ಅವನು ‘ನನ್ನ ಹೆಂಡತಿ ಹೊಲಿದದ್ದು’ ಅಂತ ಬೀದಿಯವರಿಗೆಲ್ಲ ತೋರಿಸ್ಕೊಂಡು ಬರ್ತಾನಲ್ಲ, ಕಾಲರ್ ಹಿಂದೆ ಕಂಪನಿ ಚೀಟಿ ನೇತಾಡ್ತಿರುತ್ತಲ್ಲ?”

“ಹೂಂ” ಎಂದಳು ಅತ್ತಿಗೆ, ಸಣ್ಣ ದನಿಯಲ್ಲಿ.

“ಆತ ನಕ್ಕ. ನನ್ನ ಬೆರಳು ಬಾಯೊಳಗಿತ್ತು.”

ನಾದಿನಿ ಮಡಿಸುತ್ತಿದ್ದ ಶರ್ಟಿನೊಳಗೆ ಮುಖ ಹುದುಗಿಸಿದಳು. ಶರ್ಟು ಕುಲುಕತೊಡಗಿತು. ಅತ್ತಿಗೆಗೆ ಮಾತ್ರ ನಗು ಬರಲಿಲ್ಲ. “ತಪ್ಪಾಯ್ತು ಡಾಕ್ಟ್ರೇ, ಅದು ಯಾರೂ ಓದೋಕೆ ಬರೆದದ್ದಲ್ಲ, ಸುಮ್ನೆ...”

“ಬೆರಳಿರ್ಲಿ ಬಿಡಿ. ಮುಂದೇನಾಗುತ್ತೆ? ಗಂಡನಿಗೆ ಗೊತ್ತಾಗುತ್ತಾ? ಆತ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದಾನೆ. ಹಲ್ಲು ನೋವಿಗಲ್ಲ.”

ಅತ್ತಿಗೆ ಕಣ್ಣು ಪಿಳುಕಿಸಿದಳು. ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ, “ಶನಿವಾರ ಕೋಟು ತಗೊಂಡು ಹೋಗೋಕೆ ಬನ್ನಿ” ಎಂದಷ್ಟೇ ಹೇಳಿ ಡಾಕ್ಟರನ್ನು ಸಾಗಹಾಕಿದಳು. ಅವರು ಹೋದ ಮೇಲೆ ನಾದಿನಿ ಶರ್ಟಿನಿಂದ ಮುಖ ತೆಗೆದಳು. ಕಣ್ಣೀರು ಕಾಲರಿಗೆಲ್ಲ ಮೆತ್ತಿಕೊಂಡಿತ್ತು.

“ನಿಮ್ಮ ಕಥೆ ಓದಿ ಒಬ್ಬ ಕಚ್ಚಿದ, ಅತ್ತಿಗೆ. ಇದಕ್ಕಿಂತ ಹೆಚ್ಚು ಇನ್ನೇನು ಬೇಕು?”

“ಡಾಕ್ಟ್ರು ಒಳ್ಳೇವರು, ನನ್ನ ಮನಸ್ಸು ನೋಯಿಸಬಾರದು ಅಂತ ಹೇಳಿದ್ರು ಅಷ್ಟೆ.”

“ಬೆರಳು ಕೊಟ್ಟು ಮನಸ್ಸು ಉಳಿಸ್ತಾರಾ? ಏಳಿ, ಮೇಷ್ಟ್ರ ಮನೆಗೆ ಹೋಗೋಣ. ಅವರು ಯಾರ ಮನಸ್ಸನ್ನೂ ಉಳಿಸೋರಲ್ಲ.”

ಅದು ನಿಜ. ಮೇಷ್ಟ್ರು ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಕೆಂಪು ಪೆನ್ನಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಲಾಂಡ್ರಿಯ ಚೀಟಿಯನ್ನೂ ತಿದ್ದಿ ವಾಪಸು ಕಳಿಸುವ ಆಸಾಮಿ. ಅಂಗಡಿಗೆ ಬೀಗ ಹಾಕಿ ಹೊರಟವಳಿಗೆ ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಅವರ ಕನ್ನಡಕ ಕಳೆದುಹೋಗಿರಲಿ.

ಕನ್ನಡಕ ಮೂಗಿನ ಮೇಲೇ ಇತ್ತು. ಆರಾಮಕುರ್ಚಿಯ ಕೈಮೇಲೆ ಮೂರು ರಟ್ಟೂ ಇದ್ದವು. ಏಳನೆಯದರ ತಲೆಯ ಮೇಲೆ ಕೆಂಪು ಸುತ್ತಿನೊಳಗೆ ಅಂಕ: ಐವತ್ತಕ್ಕೆ ಹನ್ನೊಂದೂವರೆ.

“ಕೂತ್ಕೋಮ್ಮ. ನೀನೇ ಬರೆದದ್ದಾ? ಹೂಂ. ಒಬ್ಬ ಮುದುಕಿ ನೀರಿಗಿಳಿಯೋಕೆ ಎರಡೂವರೆ ರಟ್ಟು ತಗೊಂಡಿದಾಳೆ. ಮೆಟ್ಟಿಲ ಮೇಲೆ ನಿಂತಳು, ಹಿಂದೆ ಬಂದಳು, ಮತ್ತೆ ನಿಂತಳು, ಮತ್ತೆ ಹಿಂದೆ ಬಂದಳು. ಅಷ್ಟರಲ್ಲಿ ನನ್ನ ಕಾಫಿ ಆರಿತು.”

ಹತ್ತು ತಿಂಗಳಿಂದ ಅತ್ತಿಗೆ ಹೆದರಿಕೊಂಡು ಕಾಯುತ್ತಿದ್ದದ್ದು ಇದನ್ನೇ. ಅದು ಬಂದೇಬಿಟ್ಟಿತು, ಎದುರಿಗೆ, ಕೆಂಪು ಮಸಿಯಲ್ಲಿ. ಅವಳು ನೆಲ ಬಿರಿಯಲೆಂದು ಕಾದಳು. ಮೇಷ್ಟ್ರ ಮನೆಯ ನೆಲ ಗಟ್ಟಿ, ಬಿರಿಯಲಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತ ತನ್ನ ಪಾಡಿಗೆ ತಿರುಗಿತು. ಅವಳ ಬಾಯಿ ಮಾತ್ರ ತಾನಾಗಿ ತೆರೆದುಕೊಂಡಿತು.

“ನೀರು ತಣ್ಣಗಿತ್ತು ಸಾರ್.”

“ಏನು?”

“ಮುದುಕಿಗೆ. ನೀರು ತುಂಬಾ ತಣ್ಣಗಿತ್ತು. ಅದಕ್ಕೇ ಹೊತ್ತಾಯ್ತು.”

“ಹಾಗಿದ್ರೆ ತಣ್ಣಗಿತ್ತು ಅಂತ ಒಂದು ಸಲ ಬರಿ. ಅರ್ಧ ರಟ್ಟು ಹೊಡೆದುಹಾಕು.”

“ಆಗ್ಲಿ ಸಾರ್. ಆ ಅರ್ಧ ಅಂಕ ಯಾಕೆ ಕೊಟ್ರಿ?”

“ಬರಹ ದುಂಡಗಿದೆ” ಎಂದು ಮೇಷ್ಟ್ರು ಪೇಪರಿನ ಹಿಂದೆ ಮರೆಯಾದರು.

ಬೀದಿಗೆ ಬಂದ ಮೇಲೆ ಅತ್ತಿಗೆಗೆ ಏನಾಯಿತೋ, ಗೇಟಿಗೆ ಆತುಕೊಂಡು ನಗತೊಡಗಿದಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಕೈಯಲ್ಲಿದ್ದ ರಟ್ಟುಗಳೂ ಪಟಪಟ ಬಡಿದುಕೊಳ್ಳುವ ಹಾಗೆ.

“ಏನತ್ತಿಗೆ, ಬುದ್ಧಿ ಗಿದ್ಧಿ...”

“ಹನ್ನೊಂದೂವರೆ ಕಣೇ! ಫೇಲು! ಪೂರಾ ಫೇಲಾಗಿದೀನಿ, ಆದ್ರೂ ಹಸಿವಾಗ್ತಿದೆ ನೋಡು!”

ಇಬ್ಬರೂ ಗೂಡಂಗಡಿಯಲ್ಲಿ ಬನ್ನು ತಿಂದರು. ಅತ್ತಿಗೆ ಅಲ್ಲೇ ನಿಂತು, ಅಂಗಡಿಯವನ ಪೆನ್ನು ಇಸಿದುಕೊಂಡು, ಎಂಟನೆಯ ರಟ್ಟಿನ ಅರ್ಧಕ್ಕೆ ಗೀಟು ಹೊಡೆದಳು. ಮುದುಕಿ ಮೂರನೇ ಸಾಲಿಗೇ ನೀರಿಗಿಳಿದಳು. ಮೇಷ್ಟ್ರು ಹೇಳಿದ್ದು ಸರಿಯಾಗಿತ್ತು, ಹಾಳಾದವರು.

ಉಳಿದದ್ದು ಕಂಡಕ್ಟರ ಹತ್ತಿರದ ಐದು ರಟ್ಟು. ಅವನ ಬಸ್ಸು ಸಂಜೆ ಐದಕ್ಕೆ ಲಾಂಡ್ರಿಯ ಎದುರಿನ ಸ್ಟಾಪಿಗೆ ಬರುತ್ತದೆ. ಹತ್ತಿ, ರಟ್ಟು ಇಸಿದುಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿಯುವುದೆಂದು ಮಾತಾಯಿತು.

ತಾನೊಂದು ಬಗೆದರೆ ಬಸ್ಸೊಂದು ಬಗೆಯಿತು. ಹತ್ತುವಾಗಲೇ ಏನೋ ವಿಚಿತ್ರವೆನಿಸಿತು. ಕಚೇರಿ ಬಿಟ್ಟವರು, ತರಕಾರಿ ಚೀಲದವರು, ನರ್ಸು, ಕಾಲೇಜಿನ ಹುಡುಗಿಯರು, ಎಲ್ಲರೂ ಹಿಂದಿನ ಬಾಗಿಲ ಕಡೆ ಕತ್ತು ತಿರುಗಿಸಿ ಕೂತಿದ್ದರು. ಒಬ್ಬರೂ ಮೊಬೈಲು ನೋಡುತ್ತಿರಲಿಲ್ಲ. ಸಣಕಲು ಕಂಡಕ್ಟರು ಕಂಬಕ್ಕೆ ಬೆನ್ನು ಕೊಟ್ಟು, ಸೀಟಿಯ ದಾರವನ್ನು ಕಿವಿಗೆ ಸಿಕ್ಕಿಸಿಕೊಂಡು, ಒಂದು ಕೈ ಗಾಳಿಯಲ್ಲಿ ಎತ್ತಿ ನಿಂತಿದ್ದ.

“ಮುದುಕಿ ಕೈ ಎತ್ತಿದಳು” ಎಂದ ಅವನು, ಗದ್ಗದವಾಗಿ. “ನಡುನೀರು. ಸುತ್ತ ಯಾರೂ ಇಲ್ಲ. ಒಂದು ಸಲ ಎತ್ತಿದಳು... ಎರಡು ಸಲ ಎತ್ತಿದಳು... ಮೂರನೇ ಸಲ...”

ಎಲ್ಲರ ಕತ್ತೂ ಇನ್ನಷ್ಟು ಮುಂದಕ್ಕೆ ಚಾಚಿತು.

“ಮೂರನೇ ಸಲ ಕೈ ಮೇಲೆ ಬರಲೇ ಇಲ್ಲ. ಮನೆಯಲ್ಲಿ ಅವಳ ಗಂಡ ಬಾಗಿಲಲ್ಲಿ ಕಾಯ್ತಾನೇ ಇದ್ದ. ಕತ್ತಲಾಯ್ತು...”

ತರಕಾರಿ ಚೀಲದ ಹೆಂಗಸು ಸೊಪ್ಪಿನ ಕಟ್ಟಿನಲ್ಲೇ ಮೂಗು ಒರೆಸಿಕೊಂಡಳು. ನರ್ಸು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅತ್ತಿಗೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಐದು ರಟ್ಟು ಮುಗಿದ ಮೇಲೆ ಈ ಮಹಾರಾಯ ಸುಮ್ಮನಾಗಿಲ್ಲ. ಮುಂದಿನದನ್ನು ತನ್ನ ತಲೆಯಿಂದಲೇ ಹೊಸೆದು, ಮೂರು ದಿನ ಎಳೆದು, ಇವತ್ತು ಮುದುಕಿಯನ್ನು ಕೊಂದುಹಾಕಿದಾನೆ. ತನ್ನ ಮುದುಕಿಯನ್ನು! ಮೊನ್ನೆಯಷ್ಟೇ ನೀರಿನ ಮೇಲೆ ಅಂಗಾತ ತೇಲುವುದು ಕಲಿತವಳನ್ನು!

“ನಿಲ್ಲಿಸು!”

ಯಾರ ದನಿ ಇದು ಎಂದು ಅತ್ತಿಗೆಯೇ ಸುತ್ತ ನೋಡಿದಳು. ಅವಳದೇ. ಯಾರೋ ಇಳಿಯಬೇಕೇನೋ ಎಂದುಕೊಂಡು ಡ್ರೈವರು ಬ್ರೇಕು ಒತ್ತಿದ. ಟೊಮೇಟೊ ಹಣ್ಣುಗಳು ಚೀಲದಿಂದ ಜಿಗಿದು ಇಂಜಿನ್ನಿನವರೆಗೂ ಉರುಳಿದವು.

“ಅವಳು ಮುಳುಗಲ್ಲ!” ಎಂದಳು ಅತ್ತಿಗೆ. “ಅವಳನ್ನ ಯಾಕಯ್ಯಾ ಮುಳುಗಿಸ್ದೆ? ನಿನಗೇನು ಮಾಡಿದ್ಲು ಅವಳು?”

“ಅರೆ, ಅತ್ತಿಗೆ! ರಟ್ಟು ನಿಮ್ಮ ಅಂಗಡೀದೇ, ಆದ್ರೆ ಕಥೆ ನಿಮಗೆ ಹೇಗೆ...”

“ಬರೆದೋರೇ ಅವರು!” ನಾದಿನಿ ಫುಟ್‌ಬೋರ್ಡಿನಿಂದಲೇ ಘೋಷಿಸಿದಳು. “ನಮ್ಮತ್ತಿಗೆ! ಖುದ್ದು!”

ಬಸ್ಸಿನ ಐವತ್ತು ಜೊತೆ ಕಣ್ಣು ಅತ್ತಿಗೆಯ ಮೇಲೆ ಬಿದ್ದವು. ಸಿಟ್ಟು ಇದ್ದಕ್ಕಿದ್ದಂತೆ ಸೋರಿಹೋಯಿತು. ಇಳಿದುಬಿಡೋಣವೆಂದರೆ ಬಾಗಿಲಲ್ಲಿ ನಾದಿನಿ ಗೂಟದ ಹಾಗೆ ನಿಂತಿದಾಳೆ. ಮುಂದೆ ಹೋಗೋಣವೆಂದರೆ ನೆಲದ ತುಂಬ ಟೊಮೇಟೊ. ಅತ್ತಿಗೆ ಕಂಬ ಹಿಡಿದು, ಎಂಟು ಸಲ ಬರೆದು ಬಾಯಿಪಾಠವಾಗಿದ್ದ ಸಾಲನ್ನೇ ಎತ್ತಿಕೊಂಡಳು.

“ನಾನೇನು ಬರಹಗಾರ್ತಿ ಅಲ್ಲ. ತಪ್ಪಿದ್ರೆ ದೊಡ್ಡ ಮನಸ್ಸು ಮಾಡಿ...”

“ಅದಿರ್ಲಿ ತಾಯಿ!” ಹಿಂದಿನ ಸೀಟಿನಿಂದ ಒಬ್ಬರು ಕೂಗಿದರು. “ಮುದುಕಿ ಬದುಕಿದಾಳಾ ಇಲ್ವಾ ಹೇಳಿ, ನನ್ನ ಸ್ಟಾಪ್ ಬರ್ತಿದೆ!”

“ಬದುಕಿದಾಳೆ.”

“ಹಾಗಿದ್ರೆ ಜೋರಾಗಿ ಹೇಳಿ, ಇಲ್ಲಿಗೆ ಕೇಳಿಸ್ತಿಲ್ಲ!”

ಅತ್ತಿಗೆ ಆ ಮುಖವನ್ನು ನೋಡಿದಳು. ಬಸ್ಸಿನ ಎಲ್ಲ ಮುಖಗಳನ್ನೂ ನೋಡಿದಳು. ಅವರು ಕಾಯುತ್ತಿದ್ದದ್ದು ಇವಳನ್ನಲ್ಲ. ಇವಳ ಶಾಲೆ, ಇವಳ ತಪ್ಪು, ಇವಳ ಕ್ಷಮೆ ಯಾರಿಗೆ ಬೇಕಿತ್ತು? ಅವರಿಗೆ ಬೇಕಾಗಿದ್ದದ್ದು ನೀರಿನಲ್ಲಿದ್ದ ಮುದುಕಿ. ಅವಳನ್ನು ದಡ ಸೇರಿಸಬಲ್ಲವಳು ಈ ಬಸ್ಸಿನಲ್ಲಿ ಒಬ್ಬಳೇ.

ಹೇಳತೊಡಗಿದಳು. ಮುದುಕಿ ಹೆದರಿಕೆಯನ್ನು ಬಟ್ಟೆಯ ಜೊತೆ ಮಡಿಸಿ ಗೂಡಿನಲ್ಲಿಟ್ಟಳು ಎಂದಾಗ ನರ್ಸು ತಲೆದೂಗಿದಳು. ಹೊಲಿಗೆ ಕ್ಲಾಸಿನಿಂದ ಬಂದವಳ ತಲೆ ಯಾಕೆ ಒದ್ದೆ ಎಂದು ಸೊಸೆ ಕೇಳಿದಾಗ, ‘ಹೊಲಿಯೋದು ಅಷ್ಟು ಸುಲಭವಾ? ಬೆವರು ಕಣಮ್ಮ’ ಎಂದು ಮುದುಕಿ ಹೇಳಿದ್ದಕ್ಕೆ ಹುಡುಗಿಯರು ಕಿಸಕ್ಕೆಂದರು. ಕಂಪನಿ ಚೀಟಿ ನೇತಾಡಿಸಿಕೊಂಡು ಗಂಡ ಬೀದಿ ಸುತ್ತಿದಾಗ ಇಡೀ ಬಸ್ಸು ಹೋ ಎಂದು ನಕ್ಕಿತು. ಒಂದು ಕಡೆ ಮರೆತುಹೋಯಿತು; ಹತ್ತನೆಯ ರಟ್ಟಿನದನ್ನು ಹನ್ನೊಂದರ ಆಮೇಲೆ ಹೇಳಿದಳು, ಯಾರಿಗೂ ಗೊತ್ತಾಗಲಿಲ್ಲ. ಮೂರನೇ ಸಾಲಿನಲ್ಲಿ ಒಬ್ಬಾತ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಬೇರೆ ದಿನವಾಗಿದ್ದರೆ ಆ ಒಂದು ಗೊರಕೆ ಅವಳನ್ನು ವರ್ಷಗಟ್ಟಲೆ ಮಲಗಲು ಬಿಡುತ್ತಿರಲಿಲ್ಲ. ಈಗ ಪಾಪ, ದಣಿದಿರಬೇಕು ಎನಿಸಿ, ಅವನ ಪಕ್ಕದಲ್ಲಿ ದನಿ ಸ್ವಲ್ಪ ತಗ್ಗಿಸಿ ಮುಂದೆ ಸಾಗಿದಳು.

“ಕೊನೆಗೆ ಗಂಡನಿಗೆ ಅನುಮಾನ ಬಂತು. ಒಂದಿನ ಹಿಂದೆಯೇ ಹೋದ. ಹೋಗಿ ನೋಡ್ತಾನೆ, ಈಜುಕೊಳ. ನೀರಿನ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ತೇಲ್ತಾ ಇದಾಳೆ ಹೆಂಡತಿ. ದಂಡೆ ಮೇಲೆ ನಿಂತು, ‘ಇದೇನೇ ನಿನ್ನ ಹೊಲಿಗೆ?’ ಅಂದ. ಅವಳು ಕಣ್ಣು ತೆರೆದಳು. ಮುಳುಗಿದಳು...”

“ಅಯ್ಯೋ” ಎಂದಳು ತರಕಾರಿ ಚೀಲದವಳು.

“...ಇಲ್ಲಿ ಮುಳುಗಿ ಅಲ್ಲಿ ಎದ್ದಳು. ಅಲ್ಲಿ ಮುಳುಗಿ ಇನ್ನೂ ಆಚೆ ಎದ್ದಳು. ಆ ದಡದಿಂದ ಕೂಗಿ ಹೇಳಿದಳು, ‘ಹೌದೂಂದ್ರೆ, ನೀರು ಹೊಲೀತಿದೀನಿ. ಸೂಜಿ ನಾನೇ!’”

ಕಾಲೇಜಿನ ಹುಡುಗಿಯೊಬ್ಬಳು ಸೀಟಿನ ಕಂಬಿಯನ್ನು ಬಳೆಯಿಂದ ಬಡಿದಳು. ಇನ್ನೊಬ್ಬಳು ಬಡಿದಳು. ಇಡೀ ಬಸ್ಸು ತಗಡಿನ ಡಬ್ಬದಂತೆ ಗಲಗಲಿಸಿತು. ಗೊರಕೆಯಾತ ಎದ್ದು, “ಬಂತಾ?” ಎಂದು ಕೇಳಿದ. ಬಂದು ಹೋಗಿತ್ತು, ಅವನೊಬ್ಬನದಲ್ಲ, ನಾಲ್ಕು ಸ್ಟಾಪುಗಳು ದಾಟಿ ಹೋಗಿದ್ದವು. ಡ್ರೈವರೂ ಕೇಳುತ್ತ ಕೂತಿದ್ದ, ಕಂಡಕ್ಟರು ಸೀಟಿ ಊದುವುದನ್ನೇ ಮರೆತಿದ್ದ.

“ಆದ್ರೂ” ಎಂದಳು ತರಕಾರಿಯವಳು, ಟೊಮೇಟೊ ಹೆಕ್ಕುತ್ತ, “ನನಗೆ ಇವರು ಮುಳುಗಿಸಿದ್ದೇ ಚೆನ್ನಾಗಿತ್ತಪ್ಪ. ಅಳು ಬಂತು, ಮನಸ್ಸು ಹಗುರಾಯ್ತು.”

ಕಂಡಕ್ಟರು ಮೀಸೆ ತಿರುವಿದ. ಅತ್ತಿಗೆ ಅವನತ್ತ ಬೆರಳು ತೋರಿಸಿದಳು. “ನಿನಗೆ ಮುಳುಗಿಸಬೇಕು ಅನ್ಸಿದ್ರೆ ನಿನ್ನದೇ ಒಬ್ಬ ಮುದುಕೀನ ಹುಟ್ಟಿಸ್ಕೊಂಡು ಮುಳುಗಿಸು. ನನ್ನವಳ ತಂಟೆಗೆ ಬರ್ಬೇಡ. ರಟ್ಟು ಕೊಡು ಇಲ್ಲಿ.”

ನಾಲ್ಕು ಸ್ಟಾಪು ವಾಪಸು ನಡೆದು ಬರುವಾಗ ನಾದಿನಿ ಮೂರು ಸಲ ಆ ಮಾತನ್ನು ಅನುಕರಣೆ ಮಾಡಿ ತೋರಿಸಿದಳು. ಅತ್ತಿಗೆಯ ಕಾಲು ನೆಲ ಮುಟ್ಟುತ್ತಿತ್ತೋ ಇಲ್ಲವೋ.

ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವಷ್ಟರಲ್ಲಿ ಪತ್ರ ಬರೆದು ಮುಗಿಯಿತು. ಕಾಗದದ ಮೇಲೇ ಬರೆದಳು. ಒಂದೆರಡು ಅಕ್ಷರ ಸೊಟ್ಟಗಾದವು, ಆಗಲಿ ಎಂದು ಬಿಟ್ಟಳು. ನಾದಿನಿ ಹೆಗಲ ಮೇಲಿಂದ ಬಗ್ಗಿ ಓದಿದಳು:

‘ಸಂಪಾದಕರಿಗೆ ನಮಸ್ಕಾರ. ನೀವು ಕೇಳಿದ್ದ ಕಥೆ ಇದು, ಹದಿನಾಲ್ಕು ರಟ್ಟು. ಬರೆದವಳು ನಾನು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ. ತಡವಾದದ್ದಕ್ಕೆ ಕ್ಷಮಿಸಿ. ಏಳನೆಯ ರಟ್ಟಿನ ಮೇಲಿನ ಅಂಕ ಮೇಷ್ಟ್ರದು, ಹತ್ತನೆಯದರ ಮೇಲಿನ ರಕ್ತದ ಕಲೆ ಹಲ್ಲಿನ ಡಾಕ್ಟರದು, ಎರಡನ್ನೂ ಗಮನಿಸಬೇಡಿ. ಬೇರೆ ಏನನ್ನು ಬೇಕಾದರೂ ತಿದ್ದಿ. ಕೊನೆಯನ್ನು ಮುಟ್ಟಬೇಡಿ. ಮುದುಕಿ ಮುಳುಗುವುದಿಲ್ಲ.’

“ಅತ್ತಿಗೆ! ಸಂಪಾದಕರಿಗೇ ಹುಕುಂ ಮಾಡ್ತಿದೀರಲ್ರೀ!”

“ಜಾಸ್ತಿಯಾಯ್ತಾ? ಹೊಡೆದುಹಾಕ್ಲಾ? ‘ದಯವಿಟ್ಟು’ ಸೇರಿಸ್ಲಾ?” ಅತ್ತಿಗೆಯ ಪೆನ್ನು ಆಗಲೇ ಕೆಳಗಿಳಿಯುತ್ತಿತ್ತು.

ನಾದಿನಿ ಕಾಗದವನ್ನು ಪೆನ್ನಿನ ಕೆಳಗಿಂದ ಎಳೆದುಕೊಂಡಳು. ಹದಿನಾಲ್ಕು ರಟ್ಟನ್ನೂ ಪತ್ರವನ್ನೂ ಶರ್ಟಿನ ಕಂದು ಕವರಿಗೆ ತುರುಕಿ, ಅಂಗಡಿಯ ದಾರದಲ್ಲೇ ಬಿಗಿದು ಕಟ್ಟಿದಳು. ಕವರು ಬೀದಿಯ ಅಂಚೆಡಬ್ಬದ ಬಾಯಿಗೆ ಹಿಡಿಸಲಿಲ್ಲ. ಓರೆ ಮಾಡಿದರು, ನೆಟ್ಟಗೆ ಮಾಡಿದರು, ಡಬ್ಬದ ತಲೆಗೆ ಎರಡು ಗುದ್ದು ಕೊಟ್ಟರು. ಅತ್ತಿಗೆ, “ಹೋಗ್ಲಿ, ಇವತ್ತು ಬೇಡ ಅಂತ ಕಾಣುತ್ತೆ” ಎನ್ನುವಷ್ಟರಲ್ಲಿ ನಾದಿನಿ ಅವಳ ರಟ್ಟೆ ಹಿಡಿದು ಅಂಚೆ ಕಚೇರಿಯ ಕಡೆ ಎಳೆದಳು.

ಕಿಟಕಿಯ ಹಿಂದಿನ ಗುಮಾಸ್ತೆ ಕವರನ್ನು ತೂಗಿ, ತಲೆ ಎತ್ತದೆ ಕೇಳಿದಳು. “ಒಳಗೇನಿದೆ?”

“ಕಥೆ” ಎಂದಳು ಅತ್ತಿಗೆ.

“ಒಡೆಯೋ ವಸ್ತು, ಹೊತ್ತಿಕೊಳ್ಳೋ ವಸ್ತು, ನೀರಿನ ಪದಾರ್ಥ ಏನಾದ್ರೂ ಇದ್ಯಾ?”

“ಒಂದು ಈಜುಕೊಳ ಇದೆ” ಎಂದಳು ನಾದಿನಿ.

ಗುಮಾಸ್ತೆ ಈಗ ತಲೆ ಎತ್ತಿದಳು. ಅತ್ತಿಗೆ ನಗು ತಡೆಯಲು ಕೆನ್ನೆ ಕಚ್ಚಿಕೊಂಡಳು, ಆಗಲಿಲ್ಲ. ಕಣ್ಣಿನಿಂದ ನೀರು ಬಂತು, ಹಿಂದಿನ ಸಾಲಿನವರು ಇಣುಕಿದರು. ಆ ನಗುವಿನ ನಡುವೆಯೇ ಹಳೆಯ ಅನುಮಾನ ಎದ್ದಿತು: ಹನ್ನೆರಡನೆಯ ರಟ್ಟು ಸ್ವಲ್ಪ ಉದ್ದವಾಯಿತೇ? ಸೊಸೆಯ ಮಾತು ಬೇಕಿತ್ತೇ?

“ಕಳಿಸೋರು ಯಾರು? ಇಲ್ಲಿ ಸಹಿ ಮಾಡಿ.”

ಅನುಮಾನ ಹೋಗಲಿಲ್ಲ. ಅತ್ತಿಗೆ ಅದನ್ನೂ ಜೊತೆಗಿಟ್ಟುಕೊಂಡೇ, ದುಂಡಗೆ, ಒಂದೊಂದೇ ಅಕ್ಷರ ಬಿಡಿಸಿ ತನ್ನ ಹೆಸರು ಬರೆದಳು. ಗುಮಾಸ್ತೆ ಮುದ್ರೆಯನ್ನು ಮಸಿಗೆ ಒತ್ತಿ, ಕವರಿನ ಮೇಲೆ ಧಡ್ ಧಡ್ ಎಂದು ಎರಡು ಸಲ ಬಡಿದು, ತಿರುಗಿ ನೋಡದೆ ಹಿಂದಿನ ಚೀಲಕ್ಕೆ ಎಸೆದಳು.